ದೋಷ, ಅಭಿರುಚಿ ಮತ್ತು ಚಿತ್ರಕಥೆ: 'ನಾಗರಹಾವು' ಚಿತ್ರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಚಲನಚಿತ್ರವೊಂದನ್ನು ನೋಡಿ ಬಂದವರು 'ಕಥೆಯೇ ಸರಿಯಿಲ್ಲ' ಎನ್ನುವುದು ಸಾಮಾನ್ಯ. 'ಅದು ನಿಮ್ಮ ಅಭಿರುಚಿಯ ಪ್ರಶ್ನೆ' ಎಂಬ ಉತ್ತರವೂ ಅಷ್ಟೇ ಸಾಮಾನ್ಯ. ಈ ಉತ್ತರದೊಂದಿಗೆ ಚರ್ಚೆ ನಿಂತುಹೋಗುತ್ತದೆ. ಕಾದಂಬರಿ ಆಧಾರಿತ ಚಿತ್ರಗಳು ಕನ್ನಡ ಅಧ್ಯಯನದ ವಸ್ತುವಾಗಿರುವುದರಿಂದ ಇದನ್ನು ಹರಟೆಯ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಎಲ್ಲವೂ ಅಭಿರುಚಿಯೆಂದಾದರೆ ಸಂಶೋಧಕನಿಗೆ ಪ್ರೇಕ್ಷಕರ ಇಷ್ಟಾನಿಷ್ಟಗಳನ್ನು ವರದಿ ಮಾಡುವ ಕೆಲಸವಷ್ಟೇ ಉಳಿಯುತ್ತದೆ. ಸ್ಥಿರವಾದ ನಿಯಮಗಳಿವೆಯೆಂದಾದರೆ ವಿಮರ್ಶೆ ಅಂಕಪಟ್ಟಿಯಾಗುತ್ತದೆ. ಈ ಎರಡರ ನಡುವೆ ಚಿತ್ರಕಥೆಯ ದೋಷವನ್ನು ವಸ್ತುನಿಷ್ಠವಾಗಿ ಗುರುತಿಸಲು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

1

1972ರಲ್ಲಿ ತೆರೆಕಂಡ, ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' ಈ ವಿವೇಚನೆಗೆ ತಕ್ಕ ಉದಾಹರಣೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಆಧರಿಸಿ ಇದರ ಕಥೆಯನ್ನು ಹೆಣೆಯಲಾಯಿತು. ಚಿತ್ರ ಅಪಾರ ಜನಪ್ರಿಯತೆ ಗಳಿಸಿತು. ಆದರೆ ತಮ್ಮ ನಾಗರಹಾವನ್ನು ಕೆರೆಹಾವಾಗಿಸಿದ್ದಾರೆಂದು ಕಾದಂಬರಿಕಾರರು ಅಸಮಾಧಾನಪಟ್ಟರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಮೂಲದ ಕರ್ತೃವಿನ ಅತೃಪ್ತಿ, ಪ್ರೇಕ್ಷಕ ಸಮೂಹದ ತೃಪ್ತಿ ಇವೆರಡರಲ್ಲಿ ಯಾವುದನ್ನು ಪ್ರಮಾಣವೆಂದು ಸ್ವೀಕರಿಸಬೇಕು?

ಎರಡೂ ಪ್ರಮಾಣವಾಗಲಾರವು. ಮೂಲನಿಷ್ಠೆಯನ್ನೇ ಅಳತೆಗೋಲಾಗಿಸಿದರೆ ವಾಲ್ಮೀಕಿಯನ್ನು ಬಿಟ್ಟು ವಿಮಲಸೂರಿಯ ಪರಂಪರೆಯಲ್ಲಿ ನಡೆದ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ವನ್ನು ಕೆಟ್ಟ ಕಾವ್ಯವೆನ್ನಬೇಕಾದೀತು. ವ್ಯತ್ಯಾಸವನ್ನು ತೋರಿಸಿದ ಮಾತ್ರಕ್ಕೆ ದೋಷವನ್ನು ತೋರಿಸಿದಂತಾಗುವುದಿಲ್ಲ. ಜನಪ್ರಿಯತೆಯ ವಾದವೂ ಹೀಗೆಯೇ ಸಡಿಲವಾದದ್ದು. ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ 'ಜಹ್ರೀಲಾ ಇನ್ಸಾನ್' ಎಂಬ ಹೆಸರಿನಲ್ಲಿ ಹಿಂದಿಗೆ ತಂದಾಗ ಅದಕ್ಕೆ ಕನ್ನಡದಲ್ಲಿ ದೊರೆತ ಯಶಸ್ಸು ದೊರೆಯಲಿಲ್ಲ. ಗೆಲುವು ಸೋಲುಗಳಿಗೆ ನಟವರ್ಗ, ಭಾಷೆ, ಮಾರುಕಟ್ಟೆ ಮುಂತಾದ ಹಲವು ಕಾರಣಗಳಿರುವುದರಿಂದ ಅವು ಬರವಣಿಗೆಗೆ ಸಾಕ್ಷಿ ನುಡಿಯಲಾರವು.

2

ನಮ್ಮ ಕಾವ್ಯಮೀಮಾಂಸೆ ಈ ಸಮಸ್ಯೆಯನ್ನು ಬಹು ಹಿಂದೆಯೇ ಎದುರಿಸಿತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದ ದೋಷ ಮತ್ತು ಅದೋಷಗಳ ನಿರ್ಣಯಕ್ಕೇ ಮೀಸಲಾಗಿದೆ. 'ಅದೋಷ'ವೂ ಅಲ್ಲಿ ಚರ್ಚೆಯ ವಿಷಯವಾಗಿರುವುದನ್ನು ಗಮನಿಸಬೇಕು. ಸಂಸ್ಕೃತದ ಅಳತೆಯಲ್ಲಿ ಯತಿಭಂಗ ದೋಷವೇ ಸರಿ. ಆದರೆ ಕನ್ನಡ ಕವಿಗಳು ಖಂಡಪ್ರಾಸವನ್ನು ಅತಿಶಯವೆಂದು ಭಾವಿಸಿ ಯತಿಯನ್ನು ಮೀರಿದ್ದನ್ನು ಮಾರ್ಗಕಾರ ಗುರುತಿಸುತ್ತಾನೆ. ಅದೇ ಶತಮಾನದ ಆನಂದವರ್ಧನ ಶ್ರುತಿದುಷ್ಟಾದಿ ದೋಷಗಳನ್ನು ಅನಿತ್ಯವೆಂದು ಕರೆದ. ಶೃಂಗಾರಕ್ಕೆ ಹೊಂದದ ಕರ್ಕಶ ವರ್ಣಗಳು ರೌದ್ರಕ್ಕೆ ಒದಗಿ ಬರುತ್ತವೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವಿತವೆಂದದ್ದು ಇದೇ ವಿಚಾರದ ಬೆಳವಣಿಗೆ.

ಇವರಾರೂ ದೋಷವನ್ನು ಓದುಗನ ಮನಸ್ಸಿನ ಸಂಗತಿಯೆಂದು ಕೈಬಿಡಲಿಲ್ಲ. ದೋಷ ಸಂದರ್ಭಸಾಪೇಕ್ಷವಾದದ್ದು, ಆದರೆ ಆ ಸಂದರ್ಭ ಕೃತಿಯಲ್ಲೇ ಇರುವುದರಿಂದ ಅದನ್ನು ಇನ್ನೊಬ್ಬರಿಗೆ ತೋರಿಸಲು ಸಾಧ್ಯ. 'ವಸ್ತುನಿಷ್ಠ' ಎಂಬ ಪದವನ್ನು ಈ ಅರ್ಥಕ್ಕೆ ಸೀಮಿತಗೊಳಿಸಿಕೊಳ್ಳುವುದು ಉಚಿತ. ಎಲ್ಲರೂ ಒಪ್ಪಲೇಬೇಕಾದದ್ದು ಎಂಬುದಕ್ಕಿಂತ, ಒಪ್ಪದವರೂ ಕೃತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದಾದದ್ದು ಎಂಬ ಅರ್ಥವೇ ವಿಮರ್ಶೆಗೆ ಉಪಯುಕ್ತ.

ಚಿತ್ರದ ವಿಷಯದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಗ್ರಂಥಸಂಪಾದಕನಿಗೆ ಓಲೆಗರಿಯ ಪಾಠವಾದರೂ ದೊರೆಯುತ್ತದೆ. ಚಿತ್ರವಿಮರ್ಶಕನಿಗೆ ಸಾಮಾನ್ಯವಾಗಿ ಚಿತ್ರಕಥೆಯ ಹಸ್ತಪ್ರತಿ ದೊರೆಯದು. ತೆರೆಯ ಮೇಲಿನದರಿಂದ ಬರವಣಿಗೆಯನ್ನು ಊಹಿಸಿಕೊಳ್ಳಬೇಕು. ಚಾಮಯ್ಯ ಮೇಷ್ಟ್ರ ಮಾತಿನ ಆರ್ದ್ರತೆಯಲ್ಲಿ ಬರೆದವರ ಪಾಲೆಷ್ಟು, ಕೆ.ಎಸ್. ಅಶ್ವಥ್ ಅವರ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಅಭಿನಯ, ಸಂಗೀತ, ಛಾಯಾಗ್ರಹಣಗಳನ್ನು ತೆಗೆದ ಮೇಲೂ ಉಳಿಯುವ ಅಂಶಗಳನ್ನು, ಅಂದರೆ ಘಟನೆಗಳ ಅನುಕ್ರಮ, ಪಾತ್ರಗಳ ತಿಳಿವಳಿಕೆ, ಅವುಗಳ ಕ್ರಿಯೆಗೆ ಇರುವ ಕಾರಣಗಳನ್ನು ಮಾತ್ರ ಬರವಣಿಗೆಯ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

3

ಈ ಅಳತೆಯಲ್ಲಿ 'ನಾಗರಹಾವು' ಚಿತ್ರದ ಎರಡು ಸಂದರ್ಭಗಳನ್ನು ಪರಿಶೀಲಿಸಬಹುದು.

ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಆಕಸ್ಮಿಕವಾಗಿ ಅವಳನ್ನು ವೇಶ್ಯಾವೃತ್ತಿಯಲ್ಲಿ ಕಾಣುತ್ತಾನೆ. ಕಾಕತಾಳೀಯಗಳನ್ನು ದುರ್ಬಲ ಚಿತ್ರಕಥೆಯ ಗುರುತೆಂದು ಹೇಳುವ ರೂಢಿಯಿದೆ. ಆದರೆ ಇಲ್ಲಿನ ಭೇಟಿ ಕಥೆಯ ಗಂಟನ್ನು ಸುಲಭವಾಗಿ ಬಿಡಿಸುವುದಕ್ಕೆ ಬಳಕೆಯಾಗಿಲ್ಲ. ಗಂಟು ಇನ್ನಷ್ಟು ಬಿಗಿಯಾಗುತ್ತದೆ. ತ್ಯಾಗವೆಂದು ನಂಬಿದ್ದು ಒಬ್ಬ ಹೆಣ್ಣಿನ ಬದುಕಿಗೆ ಏನು ಮಾಡಿತೆಂಬುದು ಈ ದೃಶ್ಯದಿಂದ ತಿಳಿಯುತ್ತದೆ. ಮಾರ್ಗರೆಟ್‌ಳ ವಿಷಯದಲ್ಲಿ ಗುರುವಿನ ಮಾತನ್ನು ನಿರಾಕರಿಸಲು ರಾಮಾಚಾರಿಗೆ ಕಾರಣ ದೊರೆಯುವುದೂ ಇದರಿಂದಲೇ. ಆದ್ದರಿಂದ ಈ ಕಾಕತಾಳೀಯ ಅನಿತ್ಯದೋಷದ ವರ್ಗಕ್ಕೆ ಸೇರುತ್ತದೆ. ಈ ಸಂದರ್ಭದಲ್ಲಿ ಅದು ಅದೋಷ.

ಚಿತ್ರದ ಅಂತ್ಯದ ಸ್ಥಿತಿ ಬೇರೆ. ಬೆಟ್ಟದ ಮೇಲೆ ರಾಮಾಚಾರಿಯ ಕೈಯಿಂದಲೇ, ಅವನು ಬಯಸದೆ, ಗುರುವಿನ ಸಾವು ಸಂಭವಿಸುತ್ತದೆ. ಅನಂತರ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಸಾಯುತ್ತಾರೆ. ರಾಮಾಚಾರಿಯ ಸಾವಿಗೆ ಚಿತ್ರದುದ್ದಕ್ಕೂ ಸಿದ್ಧತೆಯಿದೆ. ಗುರುವಿನ ಮೇಲಿನ ಅವನ ಭಕ್ತಿ, ದುಡುಕು, ಪಶ್ಚಾತ್ತಾಪಗಳೆಲ್ಲ ಅತ್ತಲೇ ಹರಿಯುತ್ತವೆ. ಮಾರ್ಗರೆಟ್‌ಗೆ ಆ ಗುರುವಿನ ಋಣವಿಲ್ಲ. ಪ್ರೀತಿಯೇ ಕಾರಣವೆಂದು ವಾದಿಸಬಹುದು. ಮೆಲೋಡ್ರಾಮಾದ ಸಂಪ್ರದಾಯ ಅದನ್ನು ಒಪ್ಪುತ್ತದೆಂದೂ ಹೇಳಬಹುದು. ಆದರೆ ಈ ಚಿತ್ರ ತಾನೇ ಬೇರೊಂದು ಅಳತೆಯನ್ನು ಪ್ರೇಕ್ಷಕನ ಕೈಗೆ ಕೊಟ್ಟಿದೆ. ಅಲಮೇಲುವಿನ ಬದುಕು ಗುರುಶಿಷ್ಯರ ಮಾತಿನಲ್ಲೇ ತೀರ್ಮಾನವಾದದ್ದನ್ನು ಚಿತ್ರ ಅನ್ಯಾಯವೆಂದು ಕಾಣಿಸಿತ್ತು. ಕೊನೆಯಲ್ಲಿ ಮತ್ತೊಬ್ಬ ಹೆಣ್ಣಿನ ಬದುಕು ಅದೇ ಗುರುಶಿಷ್ಯರ ಕಥೆಯ ಮುಕ್ತಾಯಕ್ಕಾಗಿ ತೀರ್ಮಾನವಾಗುತ್ತದೆ. ಅವಳದೇ ಆದ ಕಾರಣವನ್ನು ಚಿತ್ರಕಥೆ ಕಟ್ಟಿಕೊಡುವುದಿಲ್ಲ. ಚಾಮಯ್ಯನಲ್ಲಿ ಗುರುತಿಸಿದ ತಪ್ಪನ್ನು ಚಿತ್ರಕಥೆ ತಾನೇ ಮಾಡುತ್ತದೆ, ಮತ್ತು ಅದು ತಪ್ಪೆಂಬ ಅರಿವನ್ನು ತೋರುವುದಿಲ್ಲ. ಇದು ದೋಷ. ಇದನ್ನು ದೋಷವೆನ್ನಲು ತ.ರಾ.ಸು. ಅವರ ಅಸಮಾಧಾನವಾಗಲಿ ನಮ್ಮ ಕಾಲದ ಸ್ತ್ರೀವಾದಿ ನಿಲುವಾಗಲಿ ಹೊರಗಿನಿಂದ ಬರಬೇಕಾಗಿಲ್ಲ. ಚಿತ್ರವೇ ಒದಗಿಸಿದ ಅಳತೆ ಸಾಕು.

4

ಈ ದೋಷವನ್ನು ತೋರಿಸಿದರೆ 'ನಾಗರಹಾವು' ಕೆಟ್ಟ ಚಿತ್ರವೆಂದು ಸಾಧಿಸಿದಂತಾಗುವುದಿಲ್ಲ. ದೋಷವಿದೆ ಎಂಬುದು ಒಂದು ಹೇಳಿಕೆ. ಅದು ಕೃತಿಯನ್ನು ಎಷ್ಟರಮಟ್ಟಿಗೆ ಕುಗ್ಗಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಆಧಾರಸಹಿತ ತೋರಿಸಬಹುದು. ಎರಡನೆಯದರಲ್ಲಿ ಸಹೃದಯನ ಸಂಸ್ಕಾರ, ಕಾಲ, ನೆನಪುಗಳು ಸೇರಿಕೊಳ್ಳುತ್ತವೆ. ಈ ದೋಷವನ್ನು ಬಲ್ಲ ಪ್ರೇಕ್ಷಕನೂ ಆ ಬೆಟ್ಟದ ದೃಶ್ಯಕ್ಕೆ ಕಣ್ಣೀರು ಹಾಕಬಹುದು. ಆ ಕಣ್ಣೀರು ಸುಳ್ಳಲ್ಲ. ಅಭಿರುಚಿಗೆ ಅದರದೇ ಸ್ಥಾನವಿದೆ, ಆದರೆ ಅದು ಚರ್ಚೆಯ ಆರಂಭಕ್ಕಿಂತ ಅದರ ಕೊನೆಯಲ್ಲಿದೆ.

ಚಿತ್ರಕಥೆಯನ್ನು 'ಕೆಟ್ಟದ್ದು' ಎನ್ನುವ ಸಂಶೋಧಕ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ತಾನು ತೋರಿಸುತ್ತಿರುವ ಅಂಶ ಬರವಣಿಗೆಗೆ ಸೇರಿದ್ದೇ? ಅದನ್ನು ದೋಷವೆನ್ನುವ ಅಳತೆ ಕೃತಿಯೊಳಗಿನಿಂದ ಬಂದದ್ದೇ? ಆ ಸಂದರ್ಭದಲ್ಲಿ ಅದು ಅದೋಷವಾಗುವ ಸಾಧ್ಯತೆಯನ್ನು ಪರಿಶೀಲಿಸಲಾಗಿದೆಯೇ? ಮೂರನೆಯ ಪ್ರಶ್ನೆಯನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ. ದೋಷದ ಪಕ್ಕದಲ್ಲೇ ಅದೋಷವನ್ನೂ ಇಟ್ಟು ತೂಗಿದ ಮಾರ್ಗಕಾರನ ಕ್ರಮ, ಓಲೆಗರಿಯ ಕಾವ್ಯದಂತೆ ತೆರೆಯ ಮೇಲಿನ ಕಥನಕ್ಕೂ ಅನ್ವಯಿಸುವಂಥದ್ದು.