ಮಕ್ಕಳ ಶಯ್ಯಾಮೂತ್ರ

ಪಟ್ಟದಕಲ್ಲು ಸೀಮೆಯ ಹಳ್ಳಿಗಳಿಂದ ಪ್ರಸಾದನಿಲಯ ಸೇರುವ ಎಳೆಯರಿಗೆ ಹಾಸಿಗೆ ಒದ್ದೆಯಾಗುವ ಲಜ್ಜೆಯೊಂದೇ ಶಾಲೆ ತೊರೆಯಲು ಸಾಕು. ಶಾರ್ಙ್ಗಧರ ಸಂಹಿತೆಯು ಶಯ್ಯಾಮೂತ್ರವನ್ನು ಬಾಲರೋಗಗಳಲ್ಲಿ ಎಣಿಸಿದೆ; ರೋಗಕ್ಕೆ ಬೆತ್ತ ಹಿಡಿಯುವುದು ಅವಿವೇಕವೇ ಸರಿ. 5 ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಇದುಂಟು. ಇರುಳಿನಲ್ಲಿ ಮೂತ್ರವನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಎಂಬ ರಸದ ಕೊರತೆ, ಮೂತ್ರಕೋಶದ ಅಲ್ಪ ಧಾರಣಶಕ್ತಿ, ಕೋಶ ತುಂಬಿದರೂ ಮುರಿಯದ ನಿದ್ರೆ, ಇವೇ ಮುಖ್ಯ ಕಾರಣಗಳು. ತಂದೆತಾಯಿಗಳಿಗೆ ಬಾಲ್ಯದಲ್ಲಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಮಲಬದ್ಧತೆಯೂ ಕೋಶವನ್ನು ಒತ್ತುತ್ತದೆ. ಇದನ್ನು ಹಲವರು ಗಮನಿಸರು. ಹಗಲಿನಲ್ಲಿ ಧಾರಾಳವಾಗಿ ನೀರು ಕುಡಿಸಿ, ಸಂಜೆಯ ಚಹಾ ತಪ್ಪಿಸಿ, ಮಲಗುವ ಮುನ್ನ ಮೂತ್ರಕ್ಕೆ ಕಳುಹಿಸಬೇಕು. 7 ವರ್ಷ ದಾಟಿದರೂ ನಿಲ್ಲದಿದ್ದರೆ ಒದ್ದೆಯಾದೊಡನೆ ಎಚ್ಚರಿಸುವ ಗಂಟೆಯಂತ್ರವೂ, ವೈದ್ಯರ ಸಲಹೆಯಂತೆ ಡೆಸ್ಮೊಪ್ರೆಸಿನ್ ಔಷಧವೂ ಉಂಟು. ಬಿಟ್ಟುಹೋದದ್ದು ಮರುಕಳಿಸಿ ದಾಹವೂ ಹೆಚ್ಚಿದರೆ ಮಧುಮೇಹವನ್ನು, ಉರಿಮೂತ್ರವಿದ್ದರೆ ಸೋಂಕನ್ನು ಶಂಕಿಸಿ, ತಡಮಾಡದೆ ಬಾಗಲಕೋಟೆಯ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು.