ಬಾಗಿಲು ಹೋದ ಅಂಗಡಿಗೆ ಬೆಲೆ ಎಷ್ಟು?

ಕುಮಟಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಅಪ್ಪ ಕಟ್ಟಿಸಿದ ಅಂಗಡಿ ನಮ್ಮದು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು. ಅರ್ಧದಲ್ಲಿ ನನ್ನ ಹಾರ್ಡ್‌ವೇರ್ ವ್ಯಾಪಾರ, ಇನ್ನರ್ಧ ಒಬ್ಬ ಟೇಲರ್‌ಗೆ ಬಾಡಿಗೆ. ಒಂದು ಮಧ್ಯಾಹ್ನ ಅವನೇ ಪೇಪರ್ ಹಿಡಿದು ಬಂದ. 'ಹೆಗಡೇರೇ, ಇದು ನಮ್ಮ ಸರ್ವೆ ನಂಬರ್ ಹೌದಲ್ರಾ?'

ಅದು ರಸ್ತೆಗೆ ನಮ್ಮ ಜಾಗ ತೆಗೆದುಕೊಳ್ಳುವ ಉದ್ದೇಶ ತಿಳಿಸುವ, 1956ರ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ. ಆಕ್ಷೇಪಣೆಗೆ 21 ದಿನ. ಆಕ್ಷೇಪಿಸಿದರೆ ರಸ್ತೆಯನ್ನೇ ವಿರೋಧಿಸಿದ ಹಾಗಾಗುತ್ತದೆ ಎಂದುಕೊಂಡು ಒಂದು ವಾರ ಸುಮ್ಮನೆ ಕಳೆದೆ. ಹಾಗಲ್ಲ. ಇಷ್ಟು ಜಾಗ ಬೇಕೇ ಬೇಕೇ ಎಂದೂ ಕೇಳಬಹುದು. ಬರೆದು ಕೊಟ್ಟರೆ ನಮ್ಮನ್ನು ಕರೆದು ಮಾತು ಕೇಳಲೇಬೇಕು. 3ಡಿ ಘೋಷಣೆ ಹೊರಬಿದ್ದ ದಿನ ಜಾಗ ಕೇಂದ್ರ ಸರ್ಕಾರದ್ದಾಗುತ್ತದೆ. ಆಮೇಲೆ ಉಳಿಯುವುದು ಪರಿಹಾರದ ಮಾತು.

ಪರಿಹಾರದ ಪಟ್ಟಿ ನೋಡಿ ಎದೆ ಧಸಕ್ಕೆಂದಿತು. ಅಂಗಡಿಯ ಜಾಗ 'ಗದ್ದೆ' ಎಂದಿತ್ತು. ಅಪ್ಪ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಯ ಆದೇಶ ಮಾಡಿಸಿದ್ದರು, ಪಹಣಿಯಲ್ಲಿ ಏರಿಸಿರಲಿಲ್ಲ. ಅಮ್ಮನ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗಗಳ ಕೆಳಗೆ ಆ ಕಾಗದ ಸಿಕ್ಕಿತು. ಕಟ್ಟಡ ತೆರಿಗೆಯ ರಸೀದಿ, ವ್ಯಾಪಾರದ ಲೈಸೆನ್ಸ್, ಕರೆಂಟ್ ಬಿಲ್ಲು ಸೇರಿಸಿ ಹಕ್ಕುಕೋರಿಕೆ ಸಲ್ಲಿಸಿದೆ. ಹೆದ್ದಾರಿ ಬದಿಯವರೇ, ನಿಮ್ಮ ಪಹಣಿಯನ್ನು ಇವತ್ತೇ ತೆಗೆದು ನೋಡಿ.

ಹೋಗುವುದು ಮುಂದಿನ ಹನ್ನೆರಡು ಅಡಿ. ಆದರೆ ಅಂಗಡಿಗೆ ಆ ಹನ್ನೆರಡು ಅಡಿಯೇ ಜೀವ: ಶಟರ್, ಬೋರ್ಡು, ಗಿರಾಕಿ ಬೈಕು ನಿಲ್ಲಿಸುವ ತಾವು. ಹಿಂದೆ ಉಳಿಯುವುದು ಕತ್ತಲೆ ಕೋಣೆ. ಕಾಯ್ದೆಯ 3ಜಿ(7) ಇದನ್ನು ಮರೆತಿಲ್ಲ. 3ಎ ದಿನದ ಮಾರುಕಟ್ಟೆ ಬೆಲೆಯ ಜೊತೆಗೆ ಜಾಗ ತುಂಡಾದ ನಷ್ಟ, ಗಳಿಕೆಗೆ ಬಿದ್ದ ಪೆಟ್ಟು, ಅಂಗಡಿ ಬೇರೆಡೆ ಸಾಗಿಸುವ ನ್ಯಾಯವಾದ ಖರ್ಚು, ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾವು ಕೇಳದಿದ್ದರೆ ಯಾರೂ ಹಿಡಿಯುವುದಿಲ್ಲ, ಅದು ನಾನು ಕಂಡದ್ದು.

ಇದರ ಮೇಲೆ ಸೋಲೇಷಿಯಂ, ಅಂದರೆ ಒಪ್ಪಿಗೆಯಿಲ್ಲದೆ ಜಾಗ ಬಿಟ್ಟುಕೊಟ್ಟವರಿಗೆ ಸಲ್ಲುವ ಹೆಚ್ಚುವರಿ ಹಣ. ಹೆದ್ದಾರಿಗೆ ಜಾಗ ಕೊಟ್ಟವರಿಗೆ 1997ರ ತಿದ್ದುಪಡಿ ಅದನ್ನು ತಪ್ಪಿಸಿತ್ತು. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗೂ ಅನ್ವಯಿಸಿದ ಮೇಲೆ ಅದು ನೂರಕ್ಕೆ ನೂರು. ಅದಕ್ಕೂ ಹಿಂದಿನ ಪ್ರಕರಣಗಳಿಗೂ ಸೋಲೇಷಿಯಂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ನಿಗದಿಯಾದ ಮೊತ್ತ ನನಗೆ ಒಪ್ಪಿಗೆಯಾಗಲಿಲ್ಲ. ಆಕ್ಷೇಪ ಕಾದಿರಿಸಿದ್ದೇನೆಂದು ಬರೆದೇ ಹಣ ಪಡೆದು, ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಿದ್ದೇನೆ. ತೀರ್ಪಿಗೆ ಕಾಯುತ್ತಿದ್ದೇನೆ.

ಬಾಡಿಗೆದಾರನೂ ಹಕ್ಕು ಕೇಳಬಹುದೆಂದು ಟೇಲರ್‌ಗೆ ಮೊದಲು ನಂಬಿಕೆ ಬರಲಿಲ್ಲ. 'ಜಾಗ ನಂದಲ್ಲವಲ್ರಾ' ಅಂದ. ಕರಾರುಪತ್ರ, ಬಾಡಿಗೆ ರಸೀದಿಗಳನ್ನು ಒಟ್ಟುಮಾಡಿ ಅವನ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು ಸಾಗಿಸಿದ ಟೆಂಪೋ ಬಾಡಿಗೆಯ ಚೀಟಿಯೂ ಅದರೊಳಗಿದೆ.