ಲೈಸೆನ್ಸ್ ಪುಸ್ತಕ ಹೋಯಿತು, ರೀಚಾರ್ಜ್ ಬಂತು

ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕಿತ್ತು ಎಂದರೆ ಈಗಿನ ಕಾಲೇಜು ಹುಡುಗರು ನಂಬುವುದಿಲ್ಲ. ಆದರೆ ಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡರ ಬಲದ ಮೇಲೆ ಪ್ರತಿ ರೇಡಿಯೊಗೂ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ವರ್ಷಕ್ಕೊಮ್ಮೆ ಅದನ್ನು ಅಂಚೆ ಕಚೇರಿಗೆ ಒಯ್ದು, 15 ರೂಪಾಯಿ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಟಿ.ವಿ. ಬಂದಾಗ ಅದಕ್ಕೂ ಇದೇ ಏರ್ಪಾಡು, ಶುಲ್ಕ ಮಾತ್ರ ಹೆಚ್ಚು. ಟ್ರಾನ್ಸಿಸ್ಟರು ಹೆಗಲಿಗೇರಿ ಹೊಲ, ತೋಟ, ಸಂತೆ ಸುತ್ತತೊಡಗಿದ ಮೇಲೆ ಯಾರ ಬಳಿ ಲೈಸೆನ್ಸ್ ಇದೆ, ಯಾರ ಬಳಿ ಇಲ್ಲ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. 1976ರ ಜನವರಿ 1ರಂದು ಟಿ.ವಿ.ಯಲ್ಲಿ ಜಾಹೀರಾತು ಶುರುವಾಗಿತ್ತು, 1984ರಲ್ಲಿ ‘ಹಮ್ ಲೋಗ್’ ಪ್ರಾಯೋಜಿತ ಧಾರಾವಾಹಿಗಳ ಬಾಗಿಲು ತೆರೆಯಿತು. ಕಂಪನಿಗಳ ದುಡ್ಡು ಬರುತ್ತಿರುವಾಗ ಕೇಳುಗರ ಹದಿನೈದು ರೂಪಾಯಿ ಯಾರಿಗೆ ಬೇಕು? ಎಂಬತ್ತರ ದಶಕದ ನಡುವಿನಲ್ಲಿ ಲೈಸೆನ್ಸ್ ಪದ್ಧತಿ ರದ್ದಾಯಿತು. ಪುಸ್ತಕಗಳು ಅಟ್ಟ ಸೇರಿದವು, ಪೀಡೆ ತೊಲಗಿತೆಂದು ಎಲ್ಲರಿಗೂ ಸಮಾಧಾನವಾಯಿತು.

ತೊಲಗಿತೇ ಎಂಬುದು ಪ್ರಶ್ನೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂಥ ಹೋಬಳಿ ಊರಿನ ಒಂದು ಸಾಧಾರಣ ಮನೆಯ ಲೆಕ್ಕ ಹಾಕೋಣ. ಕೇಬಲ್ ಅಥವಾ ಡಿಶ್ ಇದ್ದರೆ ತಿಂಗಳ ಬಾಡಿಗೆ. ಒಂದೂ ಪಾವತಿ ಚಾನೆಲ್ ಬೇಡವೆಂದರೂ ಸಂಪರ್ಕಕ್ಕೆಂದೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲಿ 130 ರೂಪಾಯಿಯ ಮಿತಿ ಹಾಕಿತ್ತು; 2024ರಲ್ಲಿ ಆ ಮಿತಿಯನ್ನೂ ತೆಗೆದಿದೆ. ಅದರ ಮೇಲೆ ಮನೆಯಲ್ಲಿರುವಷ್ಟು ಮೊಬೈಲುಗಳ ರೀಚಾರ್ಜ್. ಕ್ರಿಕೆಟ್ಟಿಗೆ ಒಂದು ಆ್ಯಪು, ಧಾರಾವಾಹಿಗೆ ಇನ್ನೊಂದು. ವರ್ಷಕ್ಕೆ ಸಾವಿರಗಳ ಮಾತು ಇದು. ಜನ ದುಡ್ಡು ಕೊಡುವುದನ್ನು ಬಿಟ್ಟಿಲ್ಲ, ಕೊಡುವ ಕೈ ಬದಲಾಗಿಲ್ಲ. ಪಡೆಯುವ ಕೈ ಬದಲಾಗಿದೆ. ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಯೂಟ್ಯೂಬಿಗೆ ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆ ಈಗ ಲೋಕದ ಎಲ್ಲೆಡೆ ನಡೆದಿದೆ. ನನಗೆ ಅದು ಅರ್ಧ ಪ್ರಶ್ನೆಯಾಗಿ ಕಾಣುತ್ತದೆ. ಯಾರ ದುಡ್ಡಿನಿಂದ, ಯಾವ ಹಕ್ಕಿನಿಂದ ಈ ಪ್ರಸಾರ ನಮ್ಮ ಮನೆಯೊಳಗೆ ಬರುತ್ತಿದೆ ಎಂಬುದು ಉಳಿದರ್ಧ. ಹೆಚ್ಚು ಕಷ್ಟದ್ದೂ ಅದೇ.

ಕನ್ನಡ ನಾಡಿನಲ್ಲಿ ಪ್ರಸಾರ ಹುಟ್ಟಿದ್ದು ಸರ್ಕಾರದಿಂದಲೂ ಅಲ್ಲ, ಕಂಪನಿಯಿಂದಲೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ತೆರೆದು ಸ್ವಂತ ದುಡ್ಡು ಹಾಕಿ ನಡೆಸಿದರು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ. ಟಿ.ವಿ.ಯ ಕಥೆ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಬೆಂಗಳೂರಿನ ಸಿರಿವಂತರ ಹಜಾರಕ್ಕಲ್ಲ, ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಎರಡು ಸಾವಿರಕ್ಕೂ ಮಿಕ್ಕ ಹಳ್ಳಿಗಳಿಗೆ ಕಾರ್ಯಕ್ರಮ ಇಳಿಯುತ್ತಿತ್ತು. ಕರ್ನಾಟಕದ ಹಳ್ಳಿಗಳಿಗೆ ಕನ್ನಡದಲ್ಲಿ. ಊರಿಗೆಲ್ಲ ಒಂದೇ ಟಿ.ವಿ., ನೋಡಲು ಊರಿಗೆ ಊರೇ. ಬೇಸಾಯ, ಆರೋಗ್ಯ, ಶಾಲೆಯ ಪಾಠ ಅದರ ಮುಖ್ಯ ಸರಕು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಾದಲ್ಲಿ (ಈಗಿನ ಕಲಬುರಗಿ) ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬರಲು 1981ರವರೆಗೆ ಕಾಯಬೇಕಾಯಿತು. ರಾಜಧಾನಿಗಿಂತ ಮೊದಲು ಕಲಬುರಗಿ ಪಡೆದ ಸವಲತ್ತುಗಳ ಪಟ್ಟಿ ಮಾಡಿದರೆ ಅದರಲ್ಲಿ ಎರಡನೆಯ ಹೆಸರು ಹುಡುಕಲು ತಿಣುಕಬೇಕಾಗುತ್ತದೆ.

ಅದೇ ಕಲಬುರಗಿ 2021ರ ಅಕ್ಟೋಬರಿನಲ್ಲಿ ಸುದ್ದಿಯಾಯಿತು. ಆಂಟೆನಾ ಮೂಲಕ ಸಿಗುತ್ತಿದ್ದ ಹಳೆಯ ಅನಲಾಗ್ ಪ್ರಸಾರವನ್ನು ದೂರದರ್ಶನ ದೇಶದಾದ್ಯಂತ ನಿಲ್ಲಿಸುತ್ತಾ ಬಂದಿತ್ತು; ಸುಮಾರು 50 ಆಯಕಟ್ಟಿನ ಸ್ಥಳಗಳನ್ನು ಬಿಟ್ಟು ಉಳಿದುದೆಲ್ಲ 2022ರ ಮಾರ್ಚ್ ಒಳಗೆ ಮುಗಿಯಬೇಕಿತ್ತು. ಕಲಬುರಗಿ ಕೇಂದ್ರ ಮುಚ್ಚುತ್ತದೆ ಎಂಬ ಆತಂಕ ಹಬ್ಬಿದಾಗ, ದೂರದರ್ಶನ, ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಕೇಂದ್ರ ಮುಚ್ಚುವುದಿಲ್ಲ, ಅದು ಯೂಟ್ಯೂಬಿಗೂ ಡಿಜಿಟಲ್ ಮಾಧ್ಯಮಗಳಿಗೂ ಕಾರ್ಯಕ್ರಮ ತಯಾರಿಸುತ್ತದೆ, ರಾಜ್ಯದ ಉಪಗ್ರಹ ವಾಹಿನಿಗೆ, ಅಂದರೆ ಚಂದನಕ್ಕೆ, ಸುದ್ದಿ ಕಳಿಸುತ್ತದೆ. ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸುವುದರಿಂದ ವರ್ಷಕ್ಕೆ ಸುಮಾರು 100 ಕೋಟಿ ರೂಪಾಯಿ ಉಳಿಯುತ್ತದೆ, ತರಂಗಾಂತರವೂ ಬಿಡುವಾಗುತ್ತದೆ ಎಂಬುದು ಸಂಸ್ಥೆಯ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಮಾಡಿನ ಮೇಲಿನ ಆಂಟೆನಾ ತಿರುಗಿಸುತ್ತಾ ‘ಬಂತಾ? ಬಂತಾ?’ ಎಂದು ಕೂಗುವವರು ಎಂದೋ ಇಲ್ಲವಾಗಿದ್ದರು. ನೋಡುವವರಿಲ್ಲದ ಪ್ರಸಾರಕ್ಕೆ ವಿದ್ಯುತ್ ಸುರಿಯುವುದು ಜಾಣತನವಲ್ಲ. ಯೂಟ್ಯೂಬಿನ ಲಾಭವೂ ಚಿಕ್ಕದಲ್ಲ: ರಾತ್ರಿ ಒಂಬತ್ತೂವರೆಗೆ ಟಿ.ವಿ. ಮುಂದೆ ಕೂರಲಾಗದವರು ಚಂದನದ ರಸಪ್ರಶ್ನೆ ‘ಥಟ್ ಅಂತ ಹೇಳಿ’ಯನ್ನು ಬೆಳಿಗ್ಗೆ ಬಸ್ಸಿನಲ್ಲಿ ನೋಡಬಹುದು, ದುಬೈಯ ಕನ್ನಡ ಮನೆಗೆ ಚಂದನ ತಲುಪಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಹಾಗಾದರೆ ತಕರಾರೇನು? ಟ್ರಾನ್ಸ್‌ಮಿಟರು ಸಾರ್ವಜನಿಕ ಸಂಸ್ಥೆಯ ಸ್ವಂತ ಮನೆ. ಯೂಟ್ಯೂಬು ಬಾಡಿಗೆ ಮನೆ, ಅದೂ ಕರಾರುಪತ್ರವನ್ನು ಮಾಲೀಕ ಒಬ್ಬನೇ ಬರೆದು, ಒಬ್ಬನೇ ತಿದ್ದಬಹುದಾದ ಬಾಡಿಗೆ ಮನೆ. ಕೇಬಲ್‌ನವರು ತಮಗಿಷ್ಟವಿಲ್ಲವೆಂದು ಚಂದನವನ್ನು ಬಿಡುವಂತಿಲ್ಲ; 1995ರ ಕೇಬಲ್ ಟೆಲಿವಿಷನ್ ಕಾಯ್ದೆ ಸರ್ಕಾರ ಗೊತ್ತುಪಡಿಸಿದ ದೂರದರ್ಶನ ವಾಹಿನಿಗಳನ್ನು ಕಡ್ಡಾಯವಾಗಿ ತೋರಿಸಬೇಕು ಎನ್ನುತ್ತದೆ. ಅದೇ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಇಂಟರ್ನೆಟ್ಟಿಗೆ ದಾಟಿದ ಕ್ಷಣ ಈ ಎರಡೂ ಆಸರೆ ಕೈಬಿಡುತ್ತವೆ. ಹೊಸ ಸ್ಮಾರ್ಟ್ ಟಿ.ವಿ. ತೆರೆದರೆ ಮೊದಲ ಸಾಲಿನಲ್ಲಿ ಯಾವ ಆ್ಯಪು ಇರಬೇಕು ಎಂಬುದನ್ನು ತೀರ್ಮಾನಿಸುವುದು ಕಂಪನಿಗಳ ನಡುವಿನ ಒಪ್ಪಂದ. ಯಾವ ವಿಡಿಯೊ ಮೇಲೆ ಬರಬೇಕು ಎಂಬುದನ್ನು ತೀರ್ಮಾನಿಸುವುದು ಅಲ್ಗಾರಿದಂ. ರಾಗಿಗೆ ತಗಲುವ ರೋಗದ ಬಗ್ಗೆ ಕೃಷಿ ವಿಜ್ಞಾನಿಯೊಬ್ಬರು ಇಪ್ಪತ್ತು ನಿಮಿಷ ನಿಧಾನವಾಗಿ ಮಾತಾಡಿದ ಕಾರ್ಯಕ್ರಮ, ಕಣ್ಣು ಕೋರೈಸುವ ಮೂವತ್ತು ಸೆಕೆಂಡಿನ ರೀಲಿನ ಜೊತೆ ಸ್ಪರ್ಧಿಸಬೇಕು. ಇನ್ನು ಜಾಹೀರಾತಿನ ದುಡ್ಡು: ಯೂಟ್ಯೂಬಿನ ಸಾಮಾನ್ಯ ಕರಾರಿನಂತೆ ಉದ್ದನೆಯ ವಿಡಿಯೊಗಳಲ್ಲಿ ಶೇ 55 ತಯಾರಿಸಿದವರಿಗೆ, ಶೇ 45 ಗೂಗಲ್‌ಗೆ. ಜನರ ತೆರಿಗೆಯಲ್ಲಿ ತಯಾರಾದ ಕನ್ನಡ ಕಾರ್ಯಕ್ರಮದಿಂದ ಬರುವ ನೂರು ರೂಪಾಯಿಯಲ್ಲಿ ನಲವತ್ತೈದು ಊರು ದಾಟಿ ಹೋಗುತ್ತದೆ. ಬ್ರಿಟನ್ನಿನಂಥ ಮುಂದುವರಿದ ದೇಶಕ್ಕೂ ಈ ದಿಗಿಲು ತಟ್ಟಿದೆ. ಅಲ್ಲಿಯ 2024ರ ಮಾಧ್ಯಮ ಕಾಯ್ದೆ ಸ್ಮಾರ್ಟ್ ಟಿ.ವಿ.ಗಳಲ್ಲಿ ಸಾರ್ವಜನಿಕ ಪ್ರಸಾರಕರ ಆ್ಯಪುಗಳು ಸುಲಭವಾಗಿ ಕೈಗೆ ಸಿಗಬೇಕು ಎಂದು ವಿಧಿಸಿತು. 2025ರ ಜುಲೈಯಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಇನ್ನೂ ಮುಂದೆ ಹೋಗಿ, ಯೂಟ್ಯೂಬಿನಲ್ಲೂ ಈ ಕಾರ್ಯಕ್ರಮಗಳು ಎದ್ದು ಕಾಣುವಂತೆ, ನ್ಯಾಯವಾದ ಕರಾರಿನ ಮೇಲೆ ಇರಬೇಕು, ಬೇಕಾದರೆ ಕಾನೂನೇ ಆಗಲಿ ಎಂದು ವರದಿ ಕೊಟ್ಟಿತು.

ಪ್ರಸಾರಕ್ಕೂ ಡೇಟಾಕ್ಕೂ ಇರುವ ವ್ಯತ್ಯಾಸವನ್ನು ನಾವು ಕಣ್ಣಾರೆ ಕಂಡದ್ದು 2020ರಲ್ಲಿ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆ ಜುಲೈಯಲ್ಲಿ ‘ಸಂವೇದ’ ಪಾಠಗಳನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಚಂದನದಲ್ಲಿ ಶುರುಮಾಡಿತು. ಪಾಠಗಳು ಯೂಟ್ಯೂಬಿನಲ್ಲೂ ಸಿಗುತ್ತಿದ್ದವು. ಆದರೂ ಇಲಾಖೆ ಟಿ.ವಿ.ಯನ್ನೇ ಏಕೆ ನೆಚ್ಚಿತು? ಮೊಬೈಲು ಅಪ್ಪನ ಜೇಬಿನಲ್ಲಿ, ಅಪ್ಪ ಕೆಲಸಕ್ಕೆ, ಡೇಟಾ ದಿನಕ್ಕಿಷ್ಟೇ; ಮೂರು ಮಕ್ಕಳಿದ್ದರೆ ಒಂದೇ ಫೋನು. ಚಂದನ ಹತ್ತು ಮಂದಿ ನೋಡಿದರೂ ಹತ್ತು ಲಕ್ಷ ಮಂದಿ ನೋಡಿದರೂ ಖರ್ಚು ಅಷ್ಟೇ. ಇಂಟರ್ನೆಟ್ಟಿನಲ್ಲಿ ಪ್ರತಿ ನೋಟಕ್ಕೂ ನೋಡುವವನೇ ತೆರಬೇಕು. ಚಂದನಕ್ಕೆ ಡೇಟಾ ಉಚಿತ ಮಾಡಿಬಿಡಿ ಎನ್ನೋಣವೆಂದರೆ, ಒಂದು ತಾಣಕ್ಕೆ ಒಂದು ದರ, ಇನ್ನೊಂದಕ್ಕೆ ಮತ್ತೊಂದು ದರ ಹಾಕುವುದನ್ನು ಟ್ರಾಯ್ 2016ರ ಫೆಬ್ರುವರಿಯಲ್ಲೇ ನಿಷೇಧಿಸಿದೆ, ಸಕಾರಣವಾಗಿಯೇ. ಹೀಗಾಗಿ ನಿಜಕ್ಕೂ ಪುಕ್ಕಟೆಯಾಗಿ ಉಳಿದಿರುವುದು 2004ರಲ್ಲಿ ಶುರುವಾದ ದೂರದರ್ಶನದ ಫ್ರೀ ಡಿಶ್ ಒಂದೇ. ಒಮ್ಮೆ ಡಿಶ್, ಬಾಕ್ಸು ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಉಪಗ್ರಹಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಕಾಸರಗೋಡಿನ ಮನೆಗೂ ಅಕ್ಕಲಕೋಟೆಯ ಮನೆಗೂ ಚಂದನ ಒಂದೇ ರೀತಿ ಇಳಿಯುತ್ತದೆ. 

ಈಗ ದುಡ್ಡಿನ ಮಾತು. ಬಿಬಿಸಿಯ ಲೈಸೆನ್ಸ್ ಶುಲ್ಕ 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡು ಇತ್ತು; ಕಟ್ಟದಿದ್ದರೆ ಇಂದಿಗೂ ಅಪರಾಧ. 2016ರಿಂದ ಬಿಬಿಸಿಯ ಸ್ವಂತ ಆನ್‌ಲೈನ್ ತಾಣ ಐಪ್ಲೇಯರ್ ನೋಡಲೂ ಲೈಸೆನ್ಸ್ ಬೇಕು. ಆದರೆ ಟಿ.ವಿ.ಯನ್ನೇ ಬಿಟ್ಟು ಯೂಟ್ಯೂಬ್ ಮಾತ್ರ ನೋಡುವವರಿಗೆ ಬೇಡ. ಅಂದರೆ ಬಿಬಿಸಿ ಯೂಟ್ಯೂಬಿನಲ್ಲಿ ಗೆದ್ದಷ್ಟೂ ತನ್ನ ಆದಾಯದ ಬೇರಿಗೇ ಬಿಸಿನೀರು ಹೊಯ್ದುಕೊಳ್ಳುತ್ತದೆ. ಜರ್ಮನಿ ಈ ಗೊಂದಲವನ್ನು 2013ರಲ್ಲೇ ಬಗೆಹರಿಸಿಕೊಂಡಿತು: ಟಿ.ವಿ. ಇರಲಿ ಬಿಡಲಿ ಮನೆಗಿಷ್ಟು, ಈಗ ತಿಂಗಳಿಗೆ 18.36 ಯೂರೊ. ಫ್ರಾನ್ಸ್ 2022ರಲ್ಲಿ ಶುಲ್ಕವನ್ನೇ ರದ್ದುಮಾಡಿ ತೆರಿಗೆಯಿಂದ ಕೊಡತೊಡಗಿತು. ನಮ್ಮ ಪ್ರಸಾರ ಭಾರತಿಗೆ ಇಂಥ ಶುಲ್ಕ ಯಾವುದೂ ಇಲ್ಲ. ಸಿಬ್ಬಂದಿಯ ಸಂಬಳದ ಬಹುಪಾಲು ಕೇಂದ್ರ ಸರ್ಕಾರದ ಅನುದಾನ. ಉಳಿದದ್ದು ಜಾಹೀರಾತು, ಖಾಸಗಿ ವಾಹಿನಿಗಳಿಗೆ ಫ್ರೀ ಡಿಶ್ ಜಾಗಗಳ ಹರಾಜು ಇತ್ಯಾದಿ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ‘ಬೈಂಡ್’ ಯೋಜನೆಯಲ್ಲಿ 2,539 ಕೋಟಿ ರೂಪಾಯಿ ಇದ್ದರೂ ಅದು ಮುಖ್ಯವಾಗಿ ಮೂಲಸೌಕರ್ಯಕ್ಕೆ. ಕ್ಯಾಮೆರಾ ಹೊಸದು ಬರುತ್ತದೆ, ಅದರ ಮುಂದೆ ವರ್ಷಗಟ್ಟಲೆ ಏನು ನಡೆಯಬೇಕೋ ಅದಕ್ಕೆ ಖಾತರಿಯ ದುಡ್ಡಿಲ್ಲ.

ಲೈಸೆನ್ಸ್ ಪುಸ್ತಕವನ್ನು ಮತ್ತೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಕೂಲಿ ಮಾಡುವವನಿಗೂ ಕಾರ್ಖಾನೆಯ ಮಾಲೀಕನಿಗೂ ಒಂದೇ ಶುಲ್ಕ ಹಾಕುವ ಪದ್ಧತಿ ಅಂದೂ ಅನ್ಯಾಯ, ಇಂದೂ ಅನ್ಯಾಯ. ಆದರೆ ಹೊಸ ಶುಲ್ಕ ಬೇಕಾಗಿಯೇ ಇಲ್ಲ, ಒಂದು ಶುಲ್ಕ ಆಗಲೇ ನಮ್ಮಿಂದ ಹೋಗುತ್ತಿದೆ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ (ಎಜಿಆರ್) ಶೇ 5ನ್ನು ಒಂದು ಸಾರ್ವಜನಿಕ ನಿಧಿಗೆ ಕಟ್ಟುತ್ತವೆ. ಹಳ್ಳಿಗಳಿಗೆ ಫೋನು ಮುಟ್ಟಿಸಲೆಂದು ಹುಟ್ಟಿದ ಈ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರಿಟ್ಟಿದೆ. ಸ್ಥೂಲವಾಗಿ ಲೆಕ್ಕ ಹಾಕಿ: 354 ರೂಪಾಯಿ ರೀಚಾರ್ಜ್ ಮಾಡಿಸಿದರೆ 54 ಜಿಎಸ್‌ಟಿ, ಉಳಿದ 300ರಲ್ಲಿ ಶೇ 5 ಎಂದರೆ 15 ರೂಪಾಯಿ. ಹಳೆಯ ರೇಡಿಯೊ ಲೈಸೆನ್ಸಿನ ಅದೇ ಹದಿನೈದು. ಅಂದು ವರ್ಷಕ್ಕೊಮ್ಮೆ, ಇಂದು ರೀಚಾರ್ಜಿಗೊಮ್ಮೆ. ಹಣದ ಬೆಲೆ ಇಳಿದದ್ದು ನಿಜ, ಆದರೂ ಅಂದು ಕಟ್ಟಿದವನಿಗೆ ತಾನು ಯಾವುದಕ್ಕೆ ಕಟ್ಟಿದೆ ಎಂಬುದು ಗೊತ್ತಿತ್ತು. ಈ ಹದಿನೈದರಲ್ಲಿ ಒಂದೇ ಒಂದು ರೂಪಾಯಿ ಆಯಾ ರಾಜ್ಯದ ಭಾಷೆಯ ಸಾರ್ವಜನಿಕ ಕಾರ್ಯಕ್ರಮಗಳಿಗೆ ಮೀಸಲಾಗಲಿ ಎಂಬುದು ನನ್ನ ವಾದ. ಹೆಚ್ಚು ಖರ್ಚು ಮಾಡುವವನಿಂದ ಹೆಚ್ಚು, ಕಡಿಮೆ ಖರ್ಚಿನವನಿಂದ ಕಡಿಮೆ ಹೋಗುತ್ತದೆ. ಮನೆ ಬಾಗಿಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ.

ಆ ನಿಧಿ ಟವರಿಗೆ, ಕೇಬಲ್ಲಿಗೆ ಇರುವುದು, ಕಾರ್ಯಕ್ರಮಕ್ಕಲ್ಲ ಎನ್ನಬಹುದು. ನಿಧಿಯ ಹಣ ಖರ್ಚಾಗದೆ ಉಳಿದ ಬಗ್ಗೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಪ್ರಶ್ನೆ ಎದ್ದಿದೆ ಎಂಬುದಿರಲಿ. ಕಾಲುವೆ ತೋಡಿದ ಮೇಲೆ ನೀರಿನ ಯೋಚನೆಯನ್ನೂ ಮಾಡಬೇಕಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಸರ್ಕಾರದ ತುತ್ತೂರಿಗೆ ನಾವೇಕೆ ದುಡ್ಡು ಕೊಡಬೇಕು? ದೂರದರ್ಶನದ ಸುದ್ದಿಯನ್ನು ಯಾವ ಪಕ್ಷದ ಸರ್ಕಾರವಿದ್ದರೂ ಸರ್ಕಾರಿ ಸುದ್ದಿ ಎಂದೇ ಜನ ಕರೆದಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ಸಂಬಳ ಕೊಡುವವನ ಮಾತು ನಡೆಯುವುದು ಲೋಕರೂಢಿ. ಪ್ರತಿ ವರ್ಷ ಸಚಿವಾಲಯದ ಬಾಗಿಲಲ್ಲಿ ಅನುದಾನಕ್ಕೆ ನಿಲ್ಲುವ ಸಂಸ್ಥೆಯಿಂದ ಸ್ವಾತಂತ್ರ್ಯ ನಿರೀಕ್ಷಿಸುವುದು ಹೇಗೆ? ಸಚಿವರ ಸಹಿ ಇಲ್ಲದೆ ಕಾನೂನಿನಿಂದಲೇ ಬರುವ ದುಡ್ಡು ಸಂಸ್ಥೆಯನ್ನು ತಾನಾಗಿಯೇ ದಿಟ್ಟವಾಗಿಸದು, ಒಪ್ಪುತ್ತೇನೆ. ಆದರೆ ಅದಿಲ್ಲದೆ ದಿಟ್ಟತನಕ್ಕೆ ಜಾಗವೇ ಇರದು. ಖಾಸಗಿ ವಾಹಿನಿಗಳು ಇವನ್ನೆಲ್ಲ ಮಾಡುತ್ತವಲ್ಲ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. 2002ರಲ್ಲಿ ಶುರುವಾಗಿ, ಡಾ. ನಾ. ಸೋಮೇಶ್ವರ ಅವರು ನಡೆಸುತ್ತಾ, ಸರಿ ಉತ್ತರಕ್ಕೆ ಕನ್ನಡ ಪುಸ್ತಕವನ್ನೇ ಬಹುಮಾನ ಕೊಡುತ್ತಾ ಸಾವಿರಾರು ಕಂತು ದಾಟಿದ ‘ಥಟ್ ಅಂತ ಹೇಳಿ’ಯಂಥ ಇನ್ನೊಂದನ್ನು ಯಾವ ಖಾಸಗಿ ವಾಹಿನಿ ಇಷ್ಟು ಕಾಲ ನಡೆಸಿದೆ?

ಪ್ರಸಾರ ಭಾರತಿಗೆ ಈಗ ಆನ್‌ಲೈನಿನಲ್ಲೂ ಸ್ವಂತ ಮನೆಯಿದೆ. 2024ರ ನವೆಂಬರ್ 20ರಂದು ಗೋವಾದ ಚಿತ್ರೋತ್ಸವದಲ್ಲಿ ‘ವೇವ್ಸ್’ ಎಂಬ ಆ್ಯಪನ್ನು ಅದು ಹೊರತಂದಿತು. 65 ನೇರ ವಾಹಿನಿಗಳು, ಹನ್ನೆರಡಕ್ಕೂ ಹೆಚ್ಚು ಭಾಷೆಗಳು, ಅವುಗಳಲ್ಲಿ ಕನ್ನಡವೂ ಒಂದು. ಆಟ, ಅಂಗಡಿಗಳನ್ನೂ ಅದರೊಳಗೆ ತುರುಕಿದ್ದು ಏಕೋ ತಿಳಿಯದು. ಯೂಟ್ಯೂಬಿನಲ್ಲಿ ತುಣುಕು ತೋರಿಸಿ, ಪೂರ್ತಿ ಊಟಕ್ಕೆ ಇಲ್ಲಿಗೆ ಕರೆಯುವುದು ಒಳ್ಳೆಯ ಉಪಾಯವೇ. ಆದರೆ ತ್ಯಾಮಗೊಂಡ್ಲುವಿನ ಅಂಗಡಿಯಲ್ಲಿ ಕೊಂಡ ಟಿ.ವಿ.ಯಲ್ಲಿ ಈ ಆ್ಯಪು ಮೊದಲೇ ಇರಬೇಕು ಎನ್ನುವ, ಕೇಬಲ್ ಕಾಯ್ದೆಯ ಕಡ್ಡಾಯಕ್ಕೆ ಸಾಟಿಯಾದ ನಿಯಮ ಬೇಕು. ದುಡ್ಡಿಗಂತೂ ದಾರಿಯನ್ನು 1990ರ ಪ್ರಸಾರ ಭಾರತಿ ಕಾಯ್ದೆಯೇ ಅರ್ಧ ತೆರೆದಿಟ್ಟಿದೆ. ಕೇಂದ್ರ ಸರ್ಕಾರ ಸಂಸ್ಥೆಗೆ ಏನೇನು ಕೊಡಬಹುದು ಎಂದು ಹೇಳುವಲ್ಲಿ, ರೇಡಿಯೊ, ಟಿ.ವಿ.ಗಳ ಲೈಸೆನ್ಸ್ ಶುಲ್ಕದ ಹುಟ್ಟುವಳಿ, ‘ಅಂಥದ್ದೇನಾದರೂ ಇದ್ದರೆ’ ಎಂಬ ಅರ್ಥದ ಮಾತು ಅದರಲ್ಲಿದೆ. ಕಾಯ್ದೆ ಬರೆಯುವ ಹೊತ್ತಿಗೆ ಅಂಥದ್ದೇನೂ ಇರಲಿಲ್ಲ, ಲೈಸೆನ್ಸ್ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಆದರೂ ಯಾರೋ ಆ ಮಾತನ್ನು ಹೊಡೆದುಹಾಕದೆ ಉಳಿಸಿದರು. ಆ ಸಾಲಿನ ಪಕ್ಕದಲ್ಲಿ ಡಿಜಿಟಲ್ ಭಾರತ್ ನಿಧಿಯ ಒಂದು ಪಾಲು ಎಂದು ಸೇರಿಸಲು ಒಂದು ತಿದ್ದುಪಡಿ ಸಾಕು.